ಸೇಗಾ ಮುಳುಗಿದ್ದು ಸೋನಿಯಿಂದಲೋ, ಮನೆಜಗಳದಿಂದಲೋ?

ಹಳೇ ಕ್ಯಾಸೆಟ್ · ಶನಿವಾರ ರಾತ್ರಿ 9:40

ಮೊನ್ನೆ ಅಕ್ಕನ ಮಗ ನಿಂಟೆಂಡೊ ಸ್ವಿಚ್‌ನಲ್ಲಿ ಸೋನಿಕ್ ಆಡುತ್ತಿದ್ದ. ಒಂಬತ್ತು ವರ್ಷದ ಹುಡುಗ. "ಮಾವ, ಸೋನಿಕ್ ಅಂದ್ರೆ ಮಾರಿಯೋ ಫ್ರೆಂಡ್ ಅಲ್ವಾ?" ಅಂತ ಕೇಳಿದ. ನಗು ಬಂತು, ಆಮೇಲೆ ಸ್ವಲ್ಪ ಸಂಕಟವೂ ಆಯಿತು. ನಿಂಟೆಂಡೊದ ಮಾರಿಯೋನನ್ನು ಸೋಲಿಸಲಿಕ್ಕೆಂದೇ ಸೇಗಾ ಎಂಬ ಜಪಾನಿ ಗೇಮ್ ಕಂಪನಿ ಹುಟ್ಟಿಸಿದ ಪ್ರಾಣಿ ಅದು. ಈಗ ಅವನ ಮನೆಯಲ್ಲೇ ಬಾಡಿಗೆಗಿದೆ.

ಗೊತ್ತಿಲ್ಲದವರಿಗೆ ಹಿಂದಿನ ಕಥೆ ಚಿಕ್ಕದಾಗಿ ಹೇಳುತ್ತೇನೆ. 1983ರಲ್ಲಿ ಅಮೆರಿಕದ ವಿಡಿಯೋ ಗೇಮ್ ವ್ಯಾಪಾರ ನೆಲ ಕಚ್ಚಿತು. ಅಂಗಡಿಯವರು ಆ ಮಾಲು ಮುಟ್ಟಲಿಕ್ಕೂ ಹೆದರುತ್ತಿದ್ದರು. 1985ರಲ್ಲಿ ನಿಂಟೆಂಡೊ ಅಲ್ಲಿಗೆ ಹೋಗಿ ಅದನ್ನು ಮತ್ತೆ ಎಬ್ಬಿಸಿತು. ಆ ದಶಕ ಮುಗಿಯುವಷ್ಟರಲ್ಲಿ ಅಲ್ಲಿನ ಮಕ್ಕಳಿಗೆ ವಿಡಿಯೋ ಗೇಮ್ ಅಂದರೇ ನಿಂಟೆಂಡೊ, ನಮಗೆ ನಕಲು ಪ್ರತಿ ಅಂದರೆ ಜೆರಾಕ್ಸ್ ಇದ್ದ ಹಾಗೆ.

1989ರಲ್ಲಿ ಸೇಗಾ ಅಲ್ಲಿಗೆ 16 ಬಿಟ್‌ನ ಜೆನೆಸಿಸ್ ಎಂಬ ಕನ್ಸೋಲ್, ಅಂದರೆ ಟಿವಿಗೆ ಜೋಡಿಸಿ ಆಡುವ ಡಬ್ಬಿ, ತಂದಿತು. ಜಪಾನಿನಲ್ಲಿ ಅದೇ ಡಬ್ಬಿ ಮೆಗಾ ಡ್ರೈವ್ ಎಂಬ ಹೆಸರಲ್ಲಿ ಒಂದು ವರ್ಷ ಮೊದಲೇ ಬಂದಿತ್ತು. 1990ರಲ್ಲಿ ಸೇಗಾದ ಅಮೆರಿಕ ಕಚೇರಿಗೆ ಟಾಮ್ ಕಲಿನ್ಸ್ಕಿ ಮುಖ್ಯಸ್ಥರಾಗಿ ಬಂದರು. ಮೊದಲು ಮಟೆಲ್‌ನಲ್ಲಿ ಬಾರ್ಬಿ ಗೊಂಬೆ ಮಾರಿದ್ದ ಮನುಷ್ಯ. ಅವರು ಟೋಕಿಯೋಗೆ ಹೋಗಿ ಹೇಳಿದ್ದು ನಾಲ್ಕು ಮಾತು. ಬೆಲೆ ಇಳಿಸಿ. ಡಬ್ಬಿ ಜೊತೆ ಈಗ ಕೊಡುತ್ತಿರುವ ಆಟ ತೆಗೆದು ಸೋನಿಕ್ ಕೊಡಿ. ಅಮೆರಿಕದವರಿಗೆ ಬೇಕಾದ ಆಟಗಳನ್ನು ಅಮೆರಿಕದಲ್ಲೇ ಮಾಡಿಸಿ. ಜಾಹೀರಾತಿನಲ್ಲಿ ನಿಂಟೆಂಡೊ ಹೆಸರು ಹಿಡಿದೇ ಕಾಲೆಳೆಯಿರಿ. ಕೂತಿದ್ದ ಹಿರಿಯರಿಗೆ ಒಂದೂ ಹಿಡಿಸಲಿಲ್ಲ. ಆದರೂ ಅಧ್ಯಕ್ಷ ಹಯಾವೊ ನಾಕಾಯಾಮ ಒಪ್ಪಿಗೆ ಕೊಟ್ಟರು.

ಜೆನೆಸಿಸ್ ಬೆಲೆ 189 ಡಾಲರ್‌ನಿಂದ 149ಕ್ಕೆ ಇಳಿಯಿತು. 1991ರ ಜೂನ್‌ನಲ್ಲಿ ಸೋನಿಕ್ ಬಂತು. ಎರಡು ತಿಂಗಳು ಬಿಟ್ಟು ನಿಂಟೆಂಡೊದ ಹೊಸ ಡಬ್ಬಿ ಸೂಪರ್ ಎನ್‌ಇಎಸ್ 199 ಡಾಲರ್‌ಗೆ ಅಂಗಡಿಗೆ ಬಂದಾಗ, ಸೇಗಾ 50 ಡಾಲರ್ ಅಗ್ಗ, ಜೊತೆಗೆ ಆಟಗಳೂ ಜಾಸ್ತಿ. ಸ್ವಲ್ಪ ಕಾಲ ಅಮೆರಿಕದಲ್ಲಿ ನಿಂಟೆಂಡೊವನ್ನೇ ಹಿಂದೆ ಹಾಕಿತ್ತು.

ಅಂಥ ಕಂಪನಿ ಹತ್ತೇ ವರ್ಷದಲ್ಲಿ, 2001ರ ಜನವರಿ 31ರಂದು, ಇನ್ನು ಕನ್ಸೋಲ್ ಮಾಡುವುದಿಲ್ಲ ಅಂತ ಕೈ ಮುಗಿಯಿತು. ಎಲ್ಲರೂ ಸೋನಿಯ ಪ್ಲೇಸ್ಟೇಷನ್ ಡಬ್ಬಿ ಹೊಡೆದು ಹಾಕಿತು ಅಂತಾರೆ. ನನ್ನ ಪ್ರಕಾರ ಸೋನಿ ಬರುವ ಮೊದಲೇ ಸೇಗಾ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿತ್ತು. ಟೋಕಿಯೋ ಕಚೇರಿ ಮತ್ತು ಕ್ಯಾಲಿಫೋರ್ನಿಯಾ ಕಚೇರಿ, ಎತ್ತು ಏರಿಗೆ ಕೋಣ ನೀರಿಗೆ. ನೀವೇನಂತೀರಿ?

ತುಂಗಾ ತೀರ · ಶನಿವಾರ ರಾತ್ರಿ 9:58

ಸೇಗಾ ಅಂತ ಒಂದು ಕಂಪನಿ ಇದ್ದದ್ದೇ ನನಗೆ ಕಾಲೇಜಿಗೆ ಬಂದ ಮೇಲೆ ಗೊತ್ತಾಗಿದ್ದು. ನಮ್ಮ ಮನೆಯಲ್ಲಿದ್ದದ್ದು ಆ 9999 ಆಟಗಳ ಹಳದಿ ಕ್ಯಾಸೆಟ್. ಅದರಲ್ಲಿ ಇದ್ದದ್ದು ಹತ್ತೋ ಹನ್ನೆರಡೋ ಆಟ, ಮಿಕ್ಕವು ಅದೇ ಆಟದ ಮೂರನೇ ಲೆವೆಲ್, ನಾಲ್ಕನೇ ಲೆವೆಲ್. ಕ್ಯಾಸೆಟ್‌ಗೆ ಬಾಯಿಂದ ಉಫ್ ಅಂತ ಊದಿ ಹಾಕುತ್ತಿದ್ದೆವು.

ಹಳೇ ಕ್ಯಾಸೆಟ್ · ಶನಿವಾರ ರಾತ್ರಿ 10:03

ತುಂಗಕ್ಕ, ಅದು ನಿಂಟೆಂಡೊದ ಫ್ಯಾಮಿಕಾಂನ ನಕಲು. ಜಪಾನಿನಲ್ಲಿ 1983ರಲ್ಲಿ ಬಂದ ಡಬ್ಬಿ. ನಾವೆಲ್ಲ ನಿಂಟೆಂಡೊಗೆ ಒಂದು ಪೈಸೆ ಕೊಡದೇ ನಿಂಟೆಂಡೊ ಮಕ್ಕಳಾಗಿ ಬೆಳೆದವರು. ನನ್ನ ಹೆಸರೂ ಅದರಿಂದಲೇ ಬಂದದ್ದು!

ಬೋರ್ಡ್ ಬೆಸುಗೆ · ಶನಿವಾರ ರಾತ್ರಿ 10:31

ಮನೆಜಗಳ ಇದ್ದದ್ದು ನಿಜ. ಆದರೆ ನಾನು ಎಂಬೆಡೆಡ್ ಕೆಲಸ (ಯಂತ್ರಗಳೊಳಗಿನ ಚಿಪ್‌ಗಳ ಕೆಲಸ) ಮಾಡುವವನು, ನನಗೆ ಮೊದಲು ಕಾಣುವುದು ಡಬ್ಬಿಯ ಒಳಗು. ಜೆನೆಸಿಸ್ ಆದ ಮೇಲೆ ಸೇಗಾ ತಂದ ಸ್ಯಾಟರ್ನ್ ಡಬ್ಬಿಯ ಒಳಗೆ ಏನಿತ್ತು ನೋಡಿ.

ಹಿಟಾಚಿಯ ಎಸ್‌ಎಚ್-2 ಪ್ರೊಸೆಸರ್ ಎರಡು. ಚಿತ್ರ ಬಿಡಿಸಲಿಕ್ಕೆ ಬೇರೆ ಎರಡು ಚಿಪ್. ಶಬ್ದಕ್ಕೆ ಬೇರೆ, ಸಿಡಿಗೆ ಬೇರೆ. ಲೆಕ್ಕ ಹಾಕಿದರೆ ಎಂಟು ಪ್ರೊಸೆಸರ್. ಕೇಳಲಿಕ್ಕೆ ಭರ್ಜರಿಯಾಗಿದೆ. ಆದರೆ ಆ ಎರಡು ಮುಖ್ಯ ಪ್ರೊಸೆಸರ್‌ಗಳು ಮೆಮೊರಿಗೆ ಹೋಗುವ ದಾರಿ ಒಂದೇ. ಅಡುಗೆಮನೆಯಲ್ಲಿ ಇಬ್ಬರು ಬಾಣಸಿಗರು, ನಲ್ಲಿ ಒಂದೇ. ಒಬ್ಬ ನೀರು ಹಿಡಿಯುವಾಗ ಇನ್ನೊಬ್ಬ ಪಾತ್ರೆ ಹಿಡಿದು ನಿಂತಿರಬೇಕು. ಇಬ್ಬರನ್ನೂ ಸುಮ್ಮನೆ ಕೂರಿಸದೇ ಕೆಲಸ ತೆಗೆಯಬೇಕಾದರೆ ಪ್ರೋಗ್ರಾಂ ಬರೆಯುವವನು ಅಸೆಂಬ್ಲಿ ಭಾಷೆಯಲ್ಲಿ, ಅಂದರೆ ಚಿಪ್‌ಗೆ ನೇರವಾಗಿ ಹೇಳುವ ಕಷ್ಟದ ಭಾಷೆಯಲ್ಲಿ, ಪಳಗಿರಬೇಕು. ಬಹಳ ಜನ ಬೇಸತ್ತು ಒಂದೇ ಪ್ರೊಸೆಸರ್ ಬಳಸಿ ಆಟ ಮುಗಿಸಿದರು.

ಇನ್ನೊಂದು ಎಡವಟ್ಟು. ಮೂರು ಆಯಾಮದ ಚಿತ್ರಕ್ಕೆ ಎಲ್ಲರೂ ತ್ರಿಕೋನ ಬಳಸುವ ಕಡೆ ಹೋಗುತ್ತಿದ್ದಾಗ ಸ್ಯಾಟರ್ನ್ ಚತುರ್ಭುಜ ಹಿಡಿದು ಕೂತಿತ್ತು. ಹಾಗಾಗಿ ಪ್ಲೇಸ್ಟೇಷನ್‌ಗೆ ಮಾಡಿದ ಆಟವನ್ನು ಸ್ಯಾಟರ್ನ್‌ಗೆ ತರುವುದೆಂದರೆ ಅರ್ಧ ಹೊಸದಾಗಿ ಮಾಡಿದಂತೆ.

ಸೋನಿ ಡಬ್ಬಿಯಲ್ಲಿ ಮುಖ್ಯ ಪ್ರೊಸೆಸರ್ ಒಂದೇ. 3ಡಿ ಲೆಕ್ಕಕ್ಕೆ ಅದರ ಪಕ್ಕದಲ್ಲೇ ಒಂದು ಭಾಗ. ಸಿ ಭಾಷೆಯಲ್ಲಿ ಬರೆಯಲಿಕ್ಕೆ ತಯಾರು ಲೈಬ್ರರಿಗಳು. ನಾನೇ ಆಗ ಆಟ ಮಾಡುವವನಾಗಿದ್ದರೆ ಯಾವ ಕಡೆ ಹೋಗುತ್ತಿದ್ದೆ ಅಂತ ಕೇಳಲೇಬೇಡಿ.

ಲೆಕ್ಕದ ಮೇಷ್ಟ್ರು · ಶನಿವಾರ ರಾತ್ರಿ 10:50

ಬೆಸುಗೆ ಅವರ ಮಾತಿಗೆ ಹಣದ ಲೆಕ್ಕ ಸೇರಿಸುತ್ತೇನೆ. ಈ ವ್ಯಾಪಾರದಲ್ಲಿ ಡಬ್ಬಿಯಿಂದ ಲಾಭ ಬರುವುದು ಕಡಿಮೆ, ಎಷ್ಟೋ ಸಲ ಕೈಯಿಂದ ಹಾಕಿ ಮಾರುತ್ತಾರೆ. ಆಮೇಲೆ ಪ್ರತಿ ಆಟದ ಮೇಲೆ ಬರುವ ರಾಯಲ್ಟಿಯಲ್ಲಿ ವಸೂಲಿ. ಹಾಗಾಗಿ ಬೆಲೆ ಇಳಿಸುವ ತಾಕತ್ತು ಯಾರಿಗಿದೆಯೋ ಅವನು ಗೆದ್ದ. ಸೇಗಾ ಚಿಪ್‌ಗಳನ್ನು ಹೊರಗಿನಿಂದ ಕೊಳ್ಳಬೇಕು, ಅದೂ ಅಷ್ಟೊಂದು ಚಿಪ್. ಸೋನಿಗೆ ಸ್ವಂತ ಕಾರ್ಖಾನೆಗಳು, ಸಿಡಿ ಒತ್ತುವುದೂ ಅವರೇ. 1996ರಲ್ಲಿ ಪ್ಲೇಸ್ಟೇಷನ್ 199 ಡಾಲರ್‌ಗೆ ಇಳಿಯಿತು. ಸೇಗಾ ಹಿಂದೆಯೇ ಇಳಿಸಿತು, ವರ್ಷದ ಕೊನೆಗೆ ಮೂರು ಆಟ ಪುಕ್ಕಟೆ ಕೊಟ್ಟಿತು. ಮಾರಿದಷ್ಟೂ ನಷ್ಟ.

ಕರಾವಳಿ ಗೇಮರ್ · ಭಾನುವಾರ ಬೆಳಿಗ್ಗೆ 7:15

ಮಾರಾಯ್ರೆ, ಎಲ್ಲರೂ ಸೇಗಾ ಸೋನಿ ಅಂತ ಹೊಡೆದಾಡುತ್ತಿದ್ದೀರಿ. ಸೋನಿಯನ್ನು ಈ ಆಟಕ್ಕೆ ಎಳೆದು ತಂದದ್ದು ಯಾರು? ನಿಂಟೆಂಡೊ!

ಸೋನಿಯಲ್ಲಿ ಕೆನ್ ಕುತರಾಗಿ ಅಂತ ಎಂಜಿನಿಯರ್. ನಿಂಟೆಂಡೊದ ಸೂಪರ್ ಫ್ಯಾಮಿಕಾಂಗೆ (ಸೂಪರ್ ಎನ್‌ಇಎಸ್‌ನ ಜಪಾನಿ ಹೆಸರು) ಶಬ್ದದ ಚಿಪ್ ಮಾಡಿಕೊಟ್ಟವರು ಅವರೇ. ಆಮೇಲೆ ಎರಡೂ ಕಂಪನಿ ಸೇರಿ ಸಿಡಿ ಹಾಕುವ ಕನ್ಸೋಲ್ ಮಾಡೋಣ ಅಂತ 1988ರಲ್ಲಿ ಕರಾರು ಮಾಡಿಕೊಂಡವು. ಕರಾರಿನ ಒಳಗೆ ಒಂದು ಗಂಟು ಇತ್ತು. ಸಿಡಿಯಲ್ಲಿ ಬರುವ ಆಟಗಳ ಹಕ್ಕು ಸೋನಿ ಕೈಗೆ ಹೋಗುತ್ತಿತ್ತು. ನಿಂಟೆಂಡೊದ ಯಜಮಾನ ಹಿರೋಶಿ ಯಮಾವುಚಿಗೆ ಅದು ನುಂಗಲಾರದ ತುತ್ತು. ಆಟದ ರಾಯಲ್ಟಿ ಅಂದರೆ ಅವರ ಅನ್ನದ ತಟ್ಟೆ. ಅಳಿಯನನ್ನೂ ವಕೀಲರನ್ನೂ ಗುಟ್ಟಾಗಿ ಹಾಲೆಂಡಿನ ಫಿಲಿಪ್ಸ್ ಕಂಪನಿಗೆ ಕಳಿಸಿದರು.

1991ರ ಜೂನ್, ಶಿಕಾಗೋ ಪ್ರದರ್ಶನ. ಸೋನಿಯವರು ಖುಷಿಯಲ್ಲಿ ಆ ಜಂಟಿ ಡಬ್ಬಿಯನ್ನು ಪ್ಲೇ ಸ್ಟೇಷನ್ ಅಂತ ಘೋಷಿಸಿದರು. ಮಾರನೇ ದಿನ ಅದೇ ಊರಲ್ಲಿ ನಿಂಟೆಂಡೊ ಎದ್ದು ನಿಂತು ನಮ್ಮ ಸಿಡಿ ಜೊತೆಗಾರ ಫಿಲಿಪ್ಸ್ ಅಂದಿತು. ನಿಶ್ಚಿತಾರ್ಥ ಮಾಡಿಕೊಂಡು ಮದುವೆ ಮಂಟಪದಲ್ಲಿ ಬೇರೆಯವರಿಗೆ ಹಾರ ಹಾಕಿದ ಹಾಗೆ. ಸೋನಿ ಅಧ್ಯಕ್ಷ ನೋರಿಯೊ ಓಗಾ ಕೆಂಡವಾದರು. ಅವರ ಕಂಪನಿಯ ಎಷ್ಟೋ ಹಿರಿಯರಿಗೆ ಆಟಿಕೆ ವ್ಯಾಪಾರವೇ ಬೇಡವಾಗಿತ್ತು. ಅವರ ಕಾಟ ತಪ್ಪಿಸಲಿಕ್ಕೆ ಕುತರಾಗಿ ತಂಡವನ್ನು ಸೋನಿ ಮ್ಯೂಸಿಕ್ ಕಡೆಗೆ ಕಳಿಸಿದರು. ಅಲ್ಲಿಂದ ಬಂದದ್ದು 1994ರ ಡಿಸೆಂಬರ್ 3ರ ಪ್ಲೇಸ್ಟೇಷನ್.

ಹಳೇ ಜಂಟಿ ಡಬ್ಬಿಯ ಒಂದು ಮಾದರಿ ಉಳಿದುಕೊಂಡಿತ್ತು. 2020ರಲ್ಲಿ ಹರಾಜಿನಲ್ಲಿ 3 ಲಕ್ಷ 60 ಸಾವಿರ ಡಾಲರ್‌ಗೆ ಹೋಯಿತು. ಒಂದೇ ಮೈ ಮೇಲೆ ನಿಂಟೆಂಡೊ, ಸೋನಿ ಎರಡೂ ಹೆಸರು.

ಹಳೇ ಕ್ಯಾಸೆಟ್ · ಭಾನುವಾರ ಬೆಳಿಗ್ಗೆ 8:40

ಕರಾವಳಿ ಅವರು ಹೇಳಿದ್ದು ಸರಿ. ಆದರೆ ಇದೇ ನನ್ನ ವಾದಕ್ಕೆ ಬಲ. ನಿಂಟೆಂಡೊ ಕೈಬಿಟ್ಟ ಮೇಲೆ ಸೋನಿಯವರು ಸೇಗಾ ಬಾಗಿಲಿಗೂ ಬಂದಿದ್ದರು. ಅಮೆರಿಕ ಕಚೇರಿಗೆ ಇಷ್ಟವಿತ್ತು, ಟೋಕಿಯೋ ಒಪ್ಪಲಿಲ್ಲ ಅಂತ ಕಲಿನ್ಸ್ಕಿ ಆಮೇಲೆ ಸಂದರ್ಶನಗಳಲ್ಲಿ ಹೇಳಿದ್ದಾರೆ. ಸಿಲಿಕಾನ್ ಗ್ರಾಫಿಕ್ಸ್‌ನ ಚಿಪ್ ವಿಷಯದಲ್ಲೂ ಹಾಗೇ ಆಯಿತು ಅಂತಾರೆ. ಸೇಗಾ ಬೇಡ ಅಂದದ್ದು ನಿಂಟೆಂಡೊದ ಮುಂದಿನ ಡಬ್ಬಿ ನಿಂಟೆಂಡೊ 64 ಒಳಗೆ ಹೋಗಿ ಕೂತಿತು.

ಈಗ 1994 ನೋಡಿ. ಅಮೆರಿಕ ಕಚೇರಿ ನವೆಂಬರ್‌ನಲ್ಲಿ 32ಎಕ್ಸ್ ಅಂತ ಒಂದು ಅಣಬೆ ಬಿಟ್ಟಿತು. ಜೆನೆಸಿಸ್ ತಲೆ ಮೇಲೆ ಕೂರಿಸುವ ಡಬ್ಬಿ, 159 ಡಾಲರ್. ಅದೇ ತಿಂಗಳು ಜಪಾನಿನಲ್ಲಿ ಅದೇ ಸೇಗಾ ಸ್ಯಾಟರ್ನ್ ಬಿಡುಗಡೆ ಮಾಡಿತು. ಅಂದರೆ ಒಂದು ಕಚೇರಿ ಇದೇ ಭವಿಷ್ಯ ಅಂತ ಮಾರುತ್ತಿದ್ದದ್ದನ್ನು ಇನ್ನೊಂದು ಕಚೇರಿ ಹುಟ್ಟಿದ ದಿನವೇ ಹಳತು ಮಾಡಿತು. 159 ಡಾಲರ್ ಕೊಟ್ಟ ಅಪ್ಪ ಅಮ್ಮಂದಿರು ಮತ್ತೆ ಸೇಗಾ ಪೆಟ್ಟಿಗೆ ಕೊಳ್ಳುತ್ತಾರಾ?

ಇದಕ್ಕಿಂತ ದೊಡ್ಡದು 1995ರ ಮೇ 11. ಲಾಸ್ ಏಂಜಲೀಸ್‌ನಲ್ಲಿ ವಿಡಿಯೋ ಗೇಮ್‌ಗಳ ಮೊದಲ ಇ3 ಪ್ರದರ್ಶನ. ಸ್ಯಾಟರ್ನ್ ಅಮೆರಿಕದಲ್ಲಿ ಸೆಪ್ಟೆಂಬರ್ 2ಕ್ಕೆ ಬರುತ್ತದೆ ಅಂತ ಮೊದಲೇ ಸಾರಿದ್ದರು. ಕಲಿನ್ಸ್ಕಿ ವೇದಿಕೆ ಹತ್ತಿ, 399 ಡಾಲರ್, ಇವತ್ತೇ ಅಂಗಡಿಯಲ್ಲಿದೆ ಅಂದರು. ಸೋನಿಗಿಂತ ನಾಲ್ಕು ತಿಂಗಳು ಮುಂಚೆ ಹೋಗಬೇಕು ಅನ್ನುವುದು ಟೋಕಿಯೋದ ಹಟ. ಮಾಲು ಇದ್ದದ್ದು 30 ಸಾವಿರ, ಕೊಟ್ಟದ್ದು ನಾಲ್ಕೇ ಅಂಗಡಿ ಸರಪಳಿಗಳಿಗೆ. ಬೇರೆ ಅಂಗಡಿಯವರಿಗೆ ಉರಿಯದೇ ಇರುತ್ತದಾ? ಕೇಬಿ ಟಾಯ್ಸ್ ಸೇಗಾ ಮಾಲನ್ನೇ ಕಪಾಟಿನಿಂದ ಇಳಿಸಿತು. ಆಟ ಮಾಡುವ ಬೇರೆ ಕಂಪನಿಗಳೂ ಸೆಪ್ಟೆಂಬರ್ ಅಂತ ನಂಬಿ ಕೂತಿದ್ದವು. ಡಬ್ಬಿ ಇದೆ, ಆಟ ಇಲ್ಲ.

ಅದೇ ದಿನ ಸೋನಿಯ ಸರದಿ. ಸ್ಟೀವ್ ರೇಸ್ ವೇದಿಕೆಗೆ ಬಂದರು. 299 ಅಂತ ಒಂದೇ ಸಂಖ್ಯೆ ಹೇಳಿ ಇಳಿದು ಹೋದರು. ಚಪ್ಪಾಳೆ ನಿಲ್ಲಲಿಲ್ಲವಂತೆ.

ಕರಾವಳಿ ಗೇಮರ್ · ಭಾನುವಾರ ಬೆಳಿಗ್ಗೆ 8:52

ಆ ಸ್ಟೀವ್ ರೇಸ್ ಮೊದಲು ಸೇಗಾದಲ್ಲೇ ಇದ್ದವರು. ಅದನ್ನೂ ಸೇರಿಸಿ. ಹೊಟ್ಟೆ ಇನ್ನೂ ಉರಿಯಲಿ 😄

ಧಾರವಾಡ ಪೇಡೆ · ಭಾನುವಾರ ಬೆಳಿಗ್ಗೆ 11:20

ಎಲ್ಲಾ ಅಮೆರಿಕದ ಕಥೀನೇ ಆತಲ್ರೀ. ಜಪಾನ್ ಕಡೆನೂ ಸ್ವಲ್ಪ ನೋಡ್ರಿ. ಅಲ್ಲಿ ಸ್ಯಾಟರ್ನ್ ಸೋತ ಡಬ್ಬಿ ಅಲ್ಲ. ಸೇಗಾದ ಹೊಡೆದಾಟದ ಆಟ ವರ್ಚುವಾ ಫೈಟರ್ ಸಲುವಾಗಿ ಜನ ಸಾಲು ಹಚ್ಚಿ ಕೊಂಡರು. ಶುರುವಿನಲ್ಲಿ ಸೋನಿಗಿಂತ ಮುಂದೆ ಇತ್ತು. ಕೊನೆಗೂ ಜಪಾನಿನ ಮಟ್ಟಿಗೆ ನಿಂಟೆಂಡೊ 64ಕ್ಕಿಂತ ಸ್ಯಾಟರ್ನ್ ಜಾಸ್ತಿ ಮಾರಾಟ ಆಗಿದೆ. ಅದೇ ಊರಿನಲ್ಲಿ ಮೆಗಾ ಡ್ರೈವ್ ಮೂರನೇ ಸ್ಥಾನದಲ್ಲಿತ್ತು ಅನ್ನೋದು ನೆನಪಿರಲಿ, ಎನ್‌ಇಸಿಯ ಪಿಸಿ ಎಂಜಿನ್‌ಗಿಂತಲೂ ಹಿಂದೆ.

ಈಗ ಟೋಕಿಯೋದವರ ಕುರ್ಚಿಯಲ್ಲಿ ಕೂತು ನೋಡ್ರಿ. ಸ್ವಂತ ಊರಲ್ಲಿ ಮೊದಲನೇ ಸಲ ಗೆಲ್ಲೋ ಡಬ್ಬಿ ಸಿಕ್ಕಿದೆ. ಹಳೇ ಮೆಗಾ ಡ್ರೈವ್‌ಗೆ ಯಾಕ ರೊಕ್ಕ ಸುರಿಬೇಕು? ಹಂಗಾಗಿ ಎಲ್ಲಾ ಶಕ್ತಿ ಸ್ಯಾಟರ್ನ್ ಮೇಲೆ ಹಾಕಿದರು. ಅಮೆರಿಕದಲ್ಲಿ ಇನ್ನೂ 16 ಬಿಟ್ ಮಾಲು ಚಲೋ ಹೋಗುತ್ತಿತ್ತು, ಅದನ್ನು ನಿಂಟೆಂಡೊ ಕೂತು ತಿಂದಿತು. ಜಗಳ ಅಂತ ಅನ್ನೋಕಿಂತ ಎರಡು ಊರಿನ ಮಾರುಕಟ್ಟೆನೇ ಬೇರೆ ಬೇರೆ ಇದ್ದವು. ಟೋಕಿಯೋದವರು ಪೆದ್ದರಲ್ಲ.

ಹಳೇ ಕ್ಯಾಸೆಟ್ · ಭಾನುವಾರ ಮಧ್ಯಾಹ್ನ 12:05

ಪೇಡೆ ಸಾರ್, ಇದು ಒಪ್ಪುವ ಮಾತು. ಕಲಿನ್ಸ್ಕಿ ಹೇಳಿದ್ದನ್ನೇ ಓದಿ ಓದಿ ನಾನೂ ಅವರ ಕಡೆ ವಾಲಿಬಿಟ್ಟಿದ್ದೇನೆ. ಆದರೆ 32ಎಕ್ಸ್ ಮತ್ತು ಮೇ 11, ಇವೆರಡಕ್ಕೆ ಸಮಜಾಯಿಷಿ ಇಲ್ಲ.

ಲೆಕ್ಕದ ಮೇಷ್ಟ್ರು · ಭಾನುವಾರ ಮಧ್ಯಾಹ್ನ 2:30

ಊಟ ಮುಗಿಸಿ ಬಂದೆ. ನಿಂಟೆಂಡೊ ಬುದ್ಧಿವಂತರು, ಸೇಗಾ ಪೆದ್ದರು ಅಂತ ತೀರ್ಮಾನ ಮಾಡಬೇಡಿ. ನಿಂಟೆಂಡೊದ ಹಳೇ ದರ್ಪವೂ ಸೋನಿಗೆ ದಾರಿ ಮಾಡಿತು.

ಎನ್‌ಇಎಸ್ (ಫ್ಯಾಮಿಕಾಂನ ಅಮೆರಿಕದ ರೂಪ) ಕಾಲದಲ್ಲಿ ಅದರ ಕಟ್ಟುಪಾಡು ಹೇಗಿತ್ತು ಅಂದರೆ, ಹೊರಗಿನ ಕಂಪನಿ ವರ್ಷಕ್ಕೆ ಐದೇ ಆಟ ತರಬೇಕು. ಆ ಆಟ ಎರಡು ವರ್ಷ ಬೇರೆ ಡಬ್ಬಿಗೆ ಹೋಗಬಾರದು. ಕ್ಯಾಸೆಟ್ ತಯಾರಿಸುವುದು ನಿಂಟೆಂಡೊವೇ, ಹಣ ಮುಂಗಡ. ಮಾರಾಟವಾಗದಿದ್ದರೆ ನಿಮ್ಮ ಹಣೆಬರಹ. ಕದ್ದು ಮಾಡದಂತೆ ಡಬ್ಬಿಯಲ್ಲಿ ಬೀಗದ ಚಿಪ್ ಬೇರೆ. 83ರ ಕುಸಿತ ಮರುಕಳಿಸಬಾರದು ಅನ್ನುವ ನೆಪ ಸುಳ್ಳಲ್ಲ, ಆದರೆ ಜನ ಹಲ್ಲು ಕಚ್ಚಿಕೊಂಡೇ ಇದ್ದರು.

ಸೋನಿ ಬಂದು ಸಿಡಿ ಕೊಟ್ಟಿತು. ಒಂದು ಸಿಡಿ ಒತ್ತುವ ಖರ್ಚು ಒಂದೆರಡು ಡಾಲರ್‌ನಲ್ಲಿ ಮುಗಿಯುತ್ತಿತ್ತು. ಮಾಲು ಖಾಲಿಯಾದರೆ ಕೆಲವೇ ದಿನಗಳಲ್ಲಿ ಮತ್ತೆ ಒತ್ತಿಸಬಹುದು. ಕ್ಯಾಸೆಟ್ ಆದರೆ ತಿಂಗಳುಗಟ್ಟಲೆ ಮೊದಲೇ ಹೇಳಿರಬೇಕು. ಆಟ ಮಾಡುವ ನಾಮ್ಕೊ ಕಂಪನಿ ಮೊದಲೇ ಸೋನಿ ಕಡೆ ನಿಂತಿತು. 1996ರಲ್ಲಿ ನಿಂಟೆಂಡೊ 64 ಮತ್ತೆ ಕ್ಯಾಸೆಟ್ ಹಿಡಿದೇ ಬಂದಾಗ, ಹತ್ತಿರದ ನೆಂಟನಂತಿದ್ದ ಸ್ಕ್ವೇರ್ ಕಂಪನಿ ಕೂಡ ಎದ್ದು ಹೋಯಿತು. ಅವರ ಫೈನಲ್ ಫ್ಯಾಂಟಸಿ 7 ಬಂದದ್ದು 1997ರಲ್ಲಿ, ಪ್ಲೇಸ್ಟೇಷನ್‌ಗೆ, ಮೂರು ಸಿಡಿ ತುಂಬ. ಅಷ್ಟನ್ನು ಕ್ಯಾಸೆಟ್‌ನಲ್ಲಿ ತುಂಬಲು ಹೋಗಿದ್ದರೆ ಆಟದ ಬೆಲೆಗೆ ಡಬ್ಬಿಯೇ ಬರುತ್ತಿತ್ತು.

ಕೊನೆಗೆ ಬಂದ ಲೆಕ್ಕ: ಪ್ಲೇಸ್ಟೇಷನ್ 10 ಕೋಟಿಗೂ ಮೇಲೆ. ನಿಂಟೆಂಡೊ 64 ಸುಮಾರು 3.3 ಕೋಟಿ. ಸ್ಯಾಟರ್ನ್ 1 ಕೋಟಿಯನ್ನೂ ಮುಟ್ಟಲಿಲ್ಲ.

ತುಂಗಾ ತೀರ · ಭಾನುವಾರ ಸಂಜೆ 5:10

ಸೇಗಾದ ಕೊನೇ ಡಬ್ಬಿ ಡ್ರೀಮ್‌ಕಾಸ್ಟ್ ಬಗ್ಗೆ ಯಾರೂ ಹೇಳಲೇ ಇಲ್ಲ? ಅದನ್ನು ಕೊಂದದ್ದು ನಕಲು ಸಿಡಿ ಅಂತ ಕೇಳಿದ್ದೆ.

ಬೋರ್ಡ್ ಬೆಸುಗೆ · ಭಾನುವಾರ ಸಂಜೆ 5:45

ನಕಲು ನಿಜ, ಆದರೆ ಪೂರ್ತಿ ಪಾಪ ಅದರ ತಲೆಗೆ ಬೇಡ. ಸೇಗಾ ಜಿಡಿ-ರಾಂ ಅಂತ 1 ಜಿಬಿಯ ಬೇರೆ ತರಹದ ಡಿಸ್ಕ್ ಮಾಡಿತ್ತು, ಮಾಮೂಲಿ ಸಿಡಿ ರೈಟರ್‌ನಲ್ಲಿ ನಕಲಾಗದು. ಆದರೆ ಸಂಗೀತದ ಸಿಡಿಗಳಿಗಾಗಿ ಮಿಲ್-ಸಿಡಿ ಅಂತ ಒಂದು ಹಿಂಬಾಗಿಲು ಬಿಟ್ಟಿದ್ದರು. ಹ್ಯಾಕರ್‌ಗಳು ಅಲ್ಲಿಂದ ನುಗ್ಗಿದರು. ಅದು ಆದದ್ದು 2000ರಲ್ಲಿ. ಅಷ್ಟರಲ್ಲಿ ಸೇಗಾ ಆಗಲೇ ಏದುಸಿರು ಬಿಡುತ್ತಿತ್ತು.

ಡಬ್ಬಿ ಮಾತ್ರ ಬಂಗಾರ ಕಣ್ರೀ. ಸ್ಯಾಟರ್ನ್ ತಪ್ಪು ತಿದ್ದಿಕೊಂಡಿದ್ದರು. ಒಂದೇ ಮುಖ್ಯ ಪ್ರೊಸೆಸರ್, ಸರಳ ವಿನ್ಯಾಸ, ಒಳಗೇ ಮೋಡೆಂ. 199 ಡಾಲರ್.

ಹಳೇ ಕ್ಯಾಸೆಟ್ · ಭಾನುವಾರ ಸಂಜೆ 6:20

ಅಮೆರಿಕದಲ್ಲಿ 9-9-99ರಂದು ಬಿಡುಗಡೆ. ಒಂದೇ ದಿನದಲ್ಲಿ ಸುಮಾರು 9.8 ಕೋಟಿ ಡಾಲರ್ ವ್ಯಾಪಾರ. ಆದರೆ ಆಟ ಮಾಡುವ ದೊಡ್ಡ ಅಮೆರಿಕನ್ ಕಂಪನಿ ಇಎ ಅದಕ್ಕೆ ಒಂದೇ ಒಂದು ಆಟ ಮಾಡಲಿಲ್ಲ. ಜೆನೆಸಿಸ್ ಗೆದ್ದದ್ದರಲ್ಲಿ ಇಎಯ ಕ್ರೀಡಾ ಆಟಗಳ ಪಾಲು ಎಷ್ಟಿತ್ತು ಗೊತ್ತಲ್ಲ. ಸೋನಿಯ ಪಿಎಸ್2 (ಎರಡನೇ ಪ್ಲೇಸ್ಟೇಷನ್) ಡಿವಿಡಿ ಹಾಕುತ್ತದಂತೆ ಅನ್ನುವ ಸುದ್ದಿಗೇ ಜನ ಪರ್ಸ್ ಮುಚ್ಚಿ ಕಾದರು. ಮನೆಗೆ ಹೇಗೂ ಡಿವಿಡಿ ಪ್ಲೇಯರ್ ಬೇಕು, ಅದರಲ್ಲೇ ಆಟವೂ ಬಂದರೆ ಅಪ್ಪನನ್ನು ಒಪ್ಪಿಸುವುದು ಸುಲಭ. ಪಿಎಸ್2 ಆಮೇಲೆ 15 ಕೋಟಿ ದಾಟಿತು, ಡ್ರೀಮ್‌ಕಾಸ್ಟ್ ಸುಮಾರು 90 ಲಕ್ಷಕ್ಕೆ ನಿಂತಿತು.

ನನಗೆ ಇಡೀ ಕಥೆಯಲ್ಲಿ ಮನಸ್ಸಿಗೆ ತಟ್ಟುವುದು ಇಸಾವೊ ಒಕಾವಾ. ಕೊನೆಗಾಲದಲ್ಲಿ ಸೇಗಾ ಅಧ್ಯಕ್ಷರು. ತಾವು ಕಂಪನಿಗೆ ಕೊಟ್ಟಿದ್ದ ಸಾಲ ಮನ್ನಾ ಮಾಡಿ, ತಮ್ಮ ಷೇರುಗಳನ್ನೂ ಕೊಟ್ಟರು. ಒಟ್ಟು ಸುಮಾರು 69.5 ಕೋಟಿ ಡಾಲರ್. 2001ರ ಮಾರ್ಚ್‌ನಲ್ಲಿ ತೀರಿಕೊಂಡರು. ಸೇಗಾ ಆಟ ಮಾಡುವ ಕಂಪನಿಯಾಗಿ ಬದುಕಿದ್ದಕ್ಕೆ ಆ ಹಣ ದೊಡ್ಡ ಕಾರಣ. ಅದೇ ವರ್ಷ ಡಿಸೆಂಬರ್‌ನಲ್ಲಿ ನಿಂಟೆಂಡೊ ಗೇಮ್‌ಕ್ಯೂಬ್ ಮೇಲೆ ಸೋನಿಕ್ ಓಡಿದ.

ಸಿಯಾಟಲ್ ಮಳೆ · ಸೋಮವಾರ ಬೆಳಿಗ್ಗೆ 6:02

ಇಲ್ಲಿಂದ ಒಂದು ಮಾತು. ಸೇಗಾ ಬಿಟ್ಟ ಜಾಗಕ್ಕೆ ಅದೇ 2001ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ತಂದಿತು. ತಮಾಷೆ ಅಂದರೆ ಮೈಕ್ರೋಸಾಫ್ಟ್ ಮತ್ತು ನಿಂಟೆಂಡೊದ ಅಮೆರಿಕ ಕಚೇರಿ ಎರಡೂ ರೆಡ್ಮಂಡ್ ಎಂಬ ಒಂದೇ ಊರಲ್ಲಿವೆ. ಎರಡೂ ಕಡೆಯವರು ಒಂದೇ ಅಂಗಡಿಯಲ್ಲಿ ಹಾಲು ಕೊಳ್ಳುತ್ತಾರೆ.

ಗರ್ವ ಯಾರನ್ನೂ ಬಿಟ್ಟಿಲ್ಲ ನೋಡಿ. 2006ರಲ್ಲಿ ಸೋನಿಯೇ ಪಿಎಸ್3ಗೆ 599 ಡಾಲರ್ ಹೇಳಿ ನಗೆಪಾಟಲಾಯಿತು. ಆ ಸುತ್ತಿನಲ್ಲಿ 249 ಡಾಲರ್‌ನ ನಿಂಟೆಂಡೊ ವೀ 10 ಕೋಟಿ ದಾಟಿತು. 2013ರಲ್ಲಿ ಮೈಕ್ರೋಸಾಫ್ಟ್ 499 ಅಂದಿತು, ಅದೇ ಇ3ಯಲ್ಲಿ ಸೋನಿ 399 ಅಂದಿತು. 1995ರ ನಾಟಕವೇ, ಪಾತ್ರಧಾರಿ ಮಾತ್ರ ಬೇರೆ.

ಧಾರವಾಡ ಪೇಡೆ · ಸೋಮವಾರ ಬೆಳಿಗ್ಗೆ 9:30

ಭಾರತಕ್ಕೆ ಸೇಗಾ ಬಂದಿತ್ತೋ ಇಲ್ಲೋ?

ಲೆಕ್ಕದ ಮೇಷ್ಟ್ರು · ಸೋಮವಾರ ಬೆಳಿಗ್ಗೆ 9:41

ಬಂದಿತ್ತು. 1995ರಲ್ಲಿ ಷಾ ವ್ಯಾಲೇಸ್ ಮೂಲಕ. ಹೌದು, ಮದ್ಯದ ಕಂಪನಿಯೇ! ಆಮದು ಸುಂಕ 80 ಪರ್ಸೆಂಟ್ ಇದ್ದ ಕಾಲ. ಮೆಗಾ ಡ್ರೈವ್ ಬೆಲೆ 18,000 ರೂಪಾಯಿ. ಆಗ ನನ್ನ ಸಂಬಳ ಅದರ ಕಾಲು ಭಾಗವೂ ಇರಲಿಲ್ಲ. ನಮ್ಮ ಮಕ್ಕಳ ಕೈಗೆ ಹಳದಿ ಕ್ಯಾಸೆಟ್ ಬಂದದ್ದು ಸುಮ್ನೆ ಅಲ್ಲ.

ತುಂಗಾ ತೀರ · ಸೋಮವಾರ ರಾತ್ರಿ 8:15

ನಿಮ್ಮ ಚರ್ಚೆ ಓದಿ ನಮ್ಮ ಯಜಮಾನರು ಅಟ್ಟ ಹತ್ತಿದರು. ಜಪಾನಿನಲ್ಲಿ ಕೆಲಸಕ್ಕಿದ್ದ ಅವರ ಚಿಕ್ಕಪ್ಪ ತಂದಿಟ್ಟ ಒಂದು ಬೂದು ಬಣ್ಣದ ಡಬ್ಬಿ ಸಿಕ್ಕಿದೆ. ಮೇಲೆ ಸೇಗಾ ಸ್ಯಾಟರ್ನ್ ಅಂತಲೇ ಇದೆ! ಈಗಲೇ ಪ್ಲಗ್ ಹಾಕಲಾ?

ಬೋರ್ಡ್ ಬೆಸುಗೆ · ಸೋಮವಾರ ರಾತ್ರಿ 8:17

ಹಾಕಬೇಡಿ ಮೇಡಂ!! ಅದು 100 ವೋಲ್ಟ್‌ನದು, ನಮ್ಮ 230ಕ್ಕೆ ಹಾಕಿದರೆ ಹೊಗೆ ಬರುತ್ತದೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ತನ್ನಿ, 230ರಿಂದ 100ಕ್ಕೆ ಇಳಿಸುವಂಥದ್ದು. ಹಿಂಭಾಗದಲ್ಲಿ ಒಂದು ಚಿಕ್ಕ ಮುಚ್ಚಳ ಇರುತ್ತದೆ. ಅದರೊಳಗೆ ಸಿಆರ್ 2032 ಬಟನ್ ಸೆಲ್. ಸತ್ತಿರುತ್ತದೆ, ಹೊಸದು ಹಾಕಿ. ಇಲ್ಲದಿದ್ದರೆ ಪ್ರತಿ ಸಲ ತಾರೀಖು ಕೇಳುತ್ತದೆ, ಸೇವ್ ಮಾಡಿದ ಆಟವೂ ಉಳಿಯುವುದಿಲ್ಲ.

ಹಳೇ ಕ್ಯಾಸೆಟ್ · ಸೋಮವಾರ ರಾತ್ರಿ 8:20

ತುಂಗಕ್ಕ, ಒಳಗೆ ಡಿಸ್ಕ್ ಏನಾದರೂ ಇದೆಯಾ ನೋಡಿ. ಬೇಗ ಹೇಳಿ.

ತುಂಗಾ ತೀರ · ಸೋಮವಾರ ರಾತ್ರಿ 8:34

ವರ್ಚುವಾ ಫೈಟರ್.